ಲಾರಿಯ ಪರವಾನೆಗೆ ಕಲಿಯುವ ಮೊದಲು

ಹಿಂಗಾರಿ ಜೋಳದ ರಾಶಿ ಮುಗಿದ ವಾರ, ಹಿಂದೆ ನನ್ನ ಕೈಯಲ್ಲಿ ಏಳನೆಯ ಇಯತ್ತೆ ಕಲಿತ ಹುಡುಗನೊಬ್ಬನು ತನ್ನ ತಂದೆಯನ್ನು ಕರೆದುಕೊಂಡು ಮನೆಗೆ ಬಂದನು. ಜತ್ತ ತಾಲೂಕಿನ ನಮ್ಮ ಕನ್ನಡ ಹಳ್ಳಿಗಳ ಸ್ಥಿತಿ ಓದುಗ ಬಾಂಧವರಿಗೆ ಗೊತ್ತೇ ಇದೆ. ಅವರದು ಐದೆಕರೆ ಭೂಮಿ. ಬಾವಿಯಲ್ಲಿ ನೀರು ಯುಗಾದಿಯ ತನಕ ಇದ್ದರೆ ಪುಣ್ಯ. ತಂದೆಗೆ ಮೊಣಕಾಲು ನೋವು. ಹುಡುಗನಿಗೆ ಹತ್ತೊಂಬತ್ತು ತುಂಬಿದೆ. ಲಾರಿಯ ಚಾಲಕನಾಗಬೇಕೆಂದು ಅವನ ಹಟ. ದಲ್ಲಾಳಿಯೊಬ್ಬನು, ಹಣ ಕೊಟ್ಟರೆ ಎರಡು ತಿಂಗಳಲ್ಲಿ ದೊಡ್ಡ ಲಾರಿಯ ಪರವಾನೆ ಕೈಗೆ ಕೊಡಿಸುತ್ತೇನೆಂದು ಹೇಳಿದ್ದಾನಂತೆ. ಆ ಹಣಕ್ಕಾಗಿ ಹಿಂಡುವ ಎಮ್ಮೆಯನ್ನು ಸಂತೆಗೆ ಹೊಡೆಯಬೇಕೋ ಬೇಡವೋ ಎಂಬುದೇ ತಂದೆಯ ಪ್ರಶ್ನೆ.

ಇಂಥ ಪ್ರಶ್ನೆ ನಮ್ಮ ಅನೇಕ ಮನೆಗಳಲ್ಲಿ ಈಗ ಎದ್ದಿದೆ. ಆದುದರಿಂದ ಅಂದು ಅವರ ಮುಂದೆ ಪಾಟಿಯ ಮೇಲೆ ಬರೆದು ತೋರಿಸಿದ್ದನ್ನೇ ಇಲ್ಲಿ ಬರೆಯುತ್ತೇನೆ.

ಮೊದಲು ಕಾಯಿದೆಯನ್ನು ನೋಡೋಣ. 1988ರ ಮೋಟಾರು ವಾಹನ ಕಾಯಿದೆಯಂತೆ ಸ್ವಂತದ ಕಾರು ನಡೆಸಲು 18 ವರ್ಷ ತುಂಬಿದರೆ ಸಾಕು. ಲಾರಿಯಂಥ ಸಾಗಾಣಿಕೆಯ ವಾಹನಕ್ಕೆ 20 ತುಂಬಬೇಕು. ಇಷ್ಟೇ ಅಲ್ಲ. ಲಘು ವಾಹನದ ಪರವಾನೆಯನ್ನು ಒಂದು ವರ್ಷವಾದರೂ ಇಟ್ಟುಕೊಂಡವನಿಗೆ ಮಾತ್ರ ಸಾಗಾಣಿಕೆಯ ವಾಹನದ ಕಲಿಕೆಯ ಪರವಾನೆ ದೊರೆಯುತ್ತದೆ. ಕಲಿಕೆಯ ಪರವಾನೆ ಬಂದ ಮೇಲೆ ಮೂವತ್ತು ದಿನ ಕಾಯದೆ ಪರೀಕ್ಷೆಗೆ ಕೂಡ್ರುವಂತಿಲ್ಲ. ಅದರ ಅವಧಿ ಆರು ತಿಂಗಳು.

ಈಗ ನಮ್ಮ ಹುಡುಗನ ಲೆಕ್ಕ ಹಾಕಿರಿ. ಅವನ ಹತ್ತಿರ ಯಾವ ಪರವಾನೆಯೂ ಇಲ್ಲ. ಈ ತಿಂಗಳು ಲಘು ವಾಹನದ ಕಲಿಕೆಯ ಪರವಾನೆ ತೆಗೆದರೆ ಒಂದು ತಿಂಗಳಾದ ಮೇಲೆ ಪರೀಕ್ಷೆ. ಪಾಸಾದ ದಿನದಿಂದ ಒಂದು ವರ್ಷ ಕಾಯಬೇಕು. ಆಮೇಲೆ ಲಾರಿಯ ಕಲಿಕೆಗೆ ಮತ್ತೆ ಒಂದು ತಿಂಗಳು. ಎಲ್ಲವೂ ಸುಸೂತ್ರವಾಗಿ ನಡೆದರೂ ಹದಿನಾಲ್ಕು ತಿಂಗಳು ಹಿಡಿಯುತ್ತದೆ. ಹಾಗಾದರೆ ದಲ್ಲಾಳಿಯ ಎರಡು ತಿಂಗಳು ಎಲ್ಲಿಂದ ಬಂತು? ಒಂದೋ ಅವನು ಕೊಡುವದು ಲಘು ವಾಹನದ ಪರವಾನೆ, ಇಲ್ಲವೆ ಖೊಟ್ಟಿ ಕಾಗದ. ಖೊಟ್ಟಿ ಕಾಗದ ಹಿಡಿದು ಲಾರಿ ಓಡಿಸುವಾಗ ಯಾರಿಗಾದರೂ ಅಪಾಯವಾದರೆ ವಿಮೆಯ ಕಂಪನಿ ಮಾಲೀಕನ ಬೆನ್ನು ಹತ್ತುತ್ತದೆ, ಮಾಲೀಕನು ಚಾಲಕನ ಬೆನ್ನು ಹತ್ತುತ್ತಾನೆ. ಆಗ ಒಂದು ಎಮ್ಮೆ ಮಾರಿದರೆ ತೀರುವದಿಲ್ಲ.

ಎಂಟನೆಯ ಇಯತ್ತೆ ಪಾಸಾಗಿರಬೇಕೆಂಬ ನಿಯಮವನ್ನು 2019ರಲ್ಲಿ ತೆಗೆದುಹಾಕಿದ್ದಾರೆ. ಶಾಲೆ ಬಿಟ್ಟವರಿಗೆ ಇದು ಅನುಕೂಲವೇ. ಆದರೆ ಮಾಸ್ತರನಾಗಿ ಒಂದು ಮಾತು ಹೇಳದೆ ಇರಲಾರೆ. ಲಾರಿಯ ಜೊತೆಗೆ ಈಗ ಇ-ವೇ ಬಿಲ್ಲು ಹೋಗುತ್ತದೆ. ಸಾದಾ ಮಾಲಿಗೆ ಇನ್ನೂರು ಕಿಲೋಮೀಟರಿಗೆ ಒಂದು ದಿನದಂತೆ ಅದಕ್ಕೆ ಅವಧಿ ಇರುತ್ತದೆ. ಅವಧಿ ಮುಗಿದದ್ದನ್ನು ಓದಿ ತಿಳಿಯಲಾರದವನು ನಾಕೆಯಲ್ಲಿ ಲಾರಿಯೊಂದಿಗೆ ತಾನೂ ಕೂಡ್ರಬೇಕಾಗುತ್ತದೆ. ಓದುಬರಹ ಬೇಡವೆಂದು ಕಾಯಿದೆ ಹೇಳಿದರೂ ರಸ್ತೆ ಹೇಳಿಲ್ಲ.

ಇನ್ನು ಕಣ್ಣಿನ ಮಾತು. ಇದನ್ನು ಎಲ್ಲರೂ ಕಡೆಗೆ ಇಡುತ್ತಾರೆ, ಮೊದಲೇ ನೋಡತಕ್ಕದ್ದು. ಲಾರಿಯ ಪರವಾನೆಗೆ ವೈದ್ಯರ ಪ್ರಮಾಣಪತ್ರ ಬೇಕು. ಅದರಲ್ಲಿ ಬಣ್ಣಗುರುಡು ಇದೆಯೇ, ಒಳ್ಳೆಯ ಬೆಳಕಿನಲ್ಲಿ 25 ಮೀಟರ ದೂರದಿಂದ ಕಾರಿನ ನಂಬರು ಓದಬಲ್ಲನೇ, ಇರುಳುಗಣ್ಣು ಇದೆಯೇ, ಕಿವಿ ಕೇಳುತ್ತದೆಯೇ ಎಂಬ ಪ್ರಶ್ನೆಗಳಿವೆ. ಕೆಲವು ಗಂಡಸರಿಗೆ ಹುಟ್ಟಿನಿಂದಲೇ ಕೆಂಪು-ಹಸಿರಿನ ಭೇದ ತಿಳಿಯುವದಿಲ್ಲ, ಮತ್ತು ತಮಗೆ ತಿಳಿಯುವದಿಲ್ಲವೆಂಬುದೂ ಅವರಿಗೆ ಗೊತ್ತಿರುವದಿಲ್ಲ. ಹಣ ಕಟ್ಟಿದ ಮೇಲೆ ಇದು ಹೊರಬಿದ್ದರೆ ಕಟ್ಟಿದ್ದೆಲ್ಲ ಹೋಗಬಹುದು. ಪರವಾನೆಯ ಅವಧಿಯೂ ಐದು ವರ್ಷ ಮಾತ್ರ; ನವೀಕರಿಸುವಾಗ ಮತ್ತೆ ವೈದ್ಯರ ಹತ್ತಿರ ಹೋಗಬೇಕು.

ಕಲಿಸುವ ಶಾಲೆಯ ವಿಷಯ. ನಿಯಮದಂತೆ ಸಾಗಾಣಿಕೆಯ ವಾಹನದ ತರಬೇತಿ ಮೂವತ್ತು ದಿನಕ್ಕೆ ಕಡಿಮೆ ಇರಕೂಡದು, ಮತ್ತು ಚಕ್ರ ಹಿಡಿದು ಓಡಿಸಿದ ಕಾಲ ಹದಿನೈದು ತಾಸಿಗೆ ಕಡಿಮೆ ಇರಕೂಡದು. 2021ರ ಜುಲೈದಿಂದ ಮಾನ್ಯತೆ ಪಡೆದ ತರಬೇತಿ ಕೇಂದ್ರಗಳೆಂಬ ಬೇರೊಂದು ಏರ್ಪಾಡು ಬಂದಿದೆ. ಅಲ್ಲಿ ಭಾರೀ ವಾಹನಕ್ಕೆ ಆರು ವಾರಗಳಲ್ಲಿ 38 ತಾಸಿನ ಪಾಠ, ಅಲ್ಲಿ ಪಾಸಾದವನಿಗೆ ಸಾರಿಗೆ ಕಚೇರಿಯಲ್ಲಿ ಮತ್ತೆ ಓಡಿಸುವ ಪರೀಕ್ಷೆ ಇಲ್ಲ. ಯಾವ ಶಾಲೆಗೆ ಹೋದರೂ ಹಣ ಕಟ್ಟುವ ಮೊದಲು ಕೇಳಿರಿ: ನನ್ನ ಕೈಗೆ ಚಕ್ರ ಎಷ್ಟು ತಾಸು ಬರುತ್ತದೆ? ಒಂದು ಲಾರಿಗೆ ಎಷ್ಟು ಹುಡುಗರು? ಹೇರು ತುಂಬಿದ ಲಾರಿ ಓಡಿಸಲು ಕೊಡುತ್ತೀರಾ?

ಈ ಕಡೆಯ ಪ್ರಶ್ನೆ ಏಕೆಂದರೆ, ಖಾಲಿ ಲಾರಿ ಬೇರೆ, ತುಂಬಿದ ಲಾರಿ ಬೇರೆ. ಎರಡು ಅಚ್ಚಿನ ಲಾರಿಗೆ 2018ರಿಂದ ಮಾಲು ಸಹಿತ ಹದಿನೆಂಟೂವರೆ ಟನ್ನಿನ ತನಕ ಅನುಮತಿ ಇದೆ. ನಮ್ಮ ಜತ್ತದ ಮೇಲಿಂದ ಹೋಗುವ ವಿಜಯಪುರ-ಗುಹಾಗರ ಹೆದ್ದಾರಿಯೇ ಕರಾಡ ದಾಟಿ ಕುಂಭಾರ್ಲಿ ಘಾಟದಲ್ಲಿ ಕೊಂಕಣಕ್ಕೆ ಇಳಿಯುತ್ತದೆ. ಅಷ್ಟು ಭಾರ ಹೊತ್ತು ಆ ಇಳಿಜಾರಿನಲ್ಲಿ ಬ್ರೇಕನ್ನೇ ತುಳಿಯುತ್ತ ಹೋದರೆ ಬ್ರೇಕು ಕಾಯ್ದು ಹಿಡಿತ ಬಿಡುತ್ತದೆ. ಕೆಳಗಿನ ಗೇರಿನಲ್ಲಿ ಹಾಕಿ ಎಂಜಿನ್ನಿನ ಹಿಡಿತದಿಂದಲೇ ಇಳಿಸಬೇಕು. ನಡುವೆ ಗೇರು ಬದಲಿಸುತ್ತೇನೆಂದರೆ ಅದು ಕೂಡ್ರದೆ ಹೋಗಬಹುದು. ಆದುದರಿಂದ ಇಳಿಜಾರು ಸುರುವಾಗುವ ಮೊದಲೇ ಹಾಕಬೇಕು. ಹೇರಿದ ಬಂಡಿಯನ್ನು ಇಳುಕಲಿನಲ್ಲಿ ನಡೆಸಿದ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಹುಡುಗರಿಗೆ ಬೇಕು.

ಇನ್ನು ಗಳಿಕೆ. ಹುಡುಗನು "ತಿಂಗಳಿಗೆ ಇಪ್ಪತ್ತು ಸಾವಿರ" ಎಂದನು. ಆಗಲಿ, ಅದನ್ನೇ ಹಿಡಿಯೋಣ. ಇವು ಲೆಕ್ಕಕ್ಕೆ ಹಿಡಿದ ಅಂಕಿಗಳು. ನೀವು ನಿಮ್ಮ ಮಾಲೀಕನನ್ನು ಕೇಳಿ ನಿಮ್ಮ ಅಂಕಿ ಬರೆದುಕೊಳ್ಳಿರಿ. ವರ್ಷದಲ್ಲಿ ಎರಡು ತಿಂಗಳು ದುರಸ್ತಿ, ಕೆಲಸದ ಅಭಾವ, ಮಾಲೀಕನ ಬದಲು ಎಂದು ಬಿಟ್ಟರೆ ಹತ್ತು ತಿಂಗಳ ಸಂಬಳ 2,00,000 ರೂಪಾಯಿ. ರಸ್ತೆಯ ಮೇಲೆ ಇರುವ 25 ದಿನಕ್ಕೆ ದಿನಾ 250ರಂತೆ ಊಟ-ಚಹಾ ತಿಂಗಳಿಗೆ 6,250. ಹತ್ತು ತಿಂಗಳಿಗೆ 62,500. ಅವನು ಇಲ್ಲದ್ದಕ್ಕೆ ಬಿತ್ತಿಗೆ, ಕಳೆಗೆ, ರಾಶಿಗೆ ಹಚ್ಚುವ ಆಳಿನ ಕೂಲಿ 24,000. ಊರಿಗೆ ಬಂದುಹೋಗುವ ಖರ್ಚು, ಫೋನು 12,000. ಕೂಡಿಸಿದರೆ ಖರ್ಚು 98,500. ಉಳಿದದ್ದು 1,01,500; ಅಂದರೆ ತಿಂಗಳಿಗೆ ಎಂಟೂವರೆ ಸಾವಿರಕ್ಕೂ ತುಸು ಕಡಿಮೆ.

ತಂದೆ ಪಾಟಿಯನ್ನೇ ನೋಡುತ್ತ ಕುಳಿತನು. ಆದರೆ ಇಲ್ಲಿ ಒಂದು ಗುಟ್ಟಿದೆ. ಮಾಲೀಕನು ಊಟದ ಭತ್ತೆಯನ್ನು ಸಂಬಳದ ಹೊರತಾಗಿ ಕೊಟ್ಟರೆ ಆ 62,500 ಮನೆಗೆ ಉಳಿಯುತ್ತದೆ. ವರ್ಷದ ಉಳಿಕೆ 1,64,000 ಆಗುತ್ತದೆ. ಆದುದರಿಂದ ಸಂಬಳ ಎಷ್ಟೆಂದು ಕೇಳುವ ಮೊದಲು ಭತ್ತೆ ಬೇರೆಯೋ ಒಳಗೋ ಎಂದು ಕೇಳಬೇಕು. ಚಕ್ರ ಸಿಡಿದರೆ, ದಂಡ ಬಿದ್ದರೆ ಯಾರು ಕೊಡಬೇಕೆಂಬುದನ್ನೂ ಕೇಳಬೇಕು. ಹೆಚ್ಚು ಹೇರಿದ್ದಕ್ಕೆ 2019ರ ತಿದ್ದುಪಡಿಯಂತೆ ದಂಡ 20,000 ರೂಪಾಯಿ, ಮೇಲಿನ ಪ್ರತಿ ಟನ್ನಿಗೆ 2,000; ಹೇರಿಸಿದವನ ಜೊತೆಗೆ ಓಡಿಸಿದವನೂ ಅದಕ್ಕೆ ಗುರಿ.

ಲೆಕ್ಕದಲ್ಲಿ ಬರೆಯಲಾಗದ್ದೂ ಇದೆ. ನನ್ನ ದೊಡ್ಡಪ್ಪನ ಮಗ ಒಂಬತ್ತು ವರ್ಷ ಲಾರಿ ನಡೆಸಿದನು. ಅವನ ಗಳಿಕೆಯಿಂದಲೇ ಅವರ ಹೊಲಕ್ಕೆ ಪೈಪು ಬಂತು, ತಂಗಿಯ ಮದುವೆಯಾಯಿತು. ಇದನ್ನು ನಾನು ಮರೆಮಾಚುವದಿಲ್ಲ. ಆದರೆ ಒಮ್ಮೆ ಬೆಳಗಿನ ಜಾವ ಮೂರು ಗಂಟೆಗೆ ಕಣ್ಣು ಹತ್ತಿ ಲಾರಿ ರಸ್ತೆಯಿಂದ ಇಳಿದು ಜಾಲಿಯ ಗಿಡಕ್ಕೆ ತಾಗಿ ನಿಂತಿತು. ಎರಡು ರಾತ್ರಿ ನಿದ್ದೆ ಇರಲಿಲ್ಲ. ಮಾಲು ಮುಟ್ಟಿಸೆಂದು ಮಾಲೀಕನು ಫೋನಿನ ಮೇಲೆ ಫೋನು. ಮೋಟಾರು ಕೆಲಸಗಾರರಿಗೆ ದಿನಕ್ಕೆ ಎಂಟು ತಾಸೆಂದು 1961ರಷ್ಟು ಹಿಂದೆಯೇ ಕಾಯಿದೆ ಆಗಿತ್ತು. ಅವನು ಆ ಎಂಟು ತಾಸನ್ನು ಒಂದು ದಿನವೂ ಕಂಡವನಲ್ಲ. ಮುಂದೆ ನಡು ಹಿಡಿದುಕೊಂಡಿತು. ಈಗ ಊರಲ್ಲೇ ದಾಳಿಂಬೆ ಮಾಡಿಕೊಂಡಿದ್ದಾನೆ. 2025ರ ಅಕ್ಟೋಬರದಿಂದ ತಯಾರಾಗುವ ಲಾರಿಗಳ ಚಾಲಕನ ಕೋಣೆಗೆ ತಂಪು ಯಂತ್ರ ಕಡ್ಡಾಯವಾಗಿದೆ. ಒಳ್ಳೆಯದೇ ಆಯಿತು, ಆದರೆ ಹೊಸಬನ ಕೈಗೆ ಹೊಸ ಲಾರಿ ಕೊಡುವ ಮಾಲೀಕರು ಕಡಿಮೆ.

ಹಾಗೆಂದು ಹುಡುಗನಿಗೆ ಬೇಡವೆಂದೆನೇ? ಇಲ್ಲ. ಗಡಿಯ ಹುಡುಗನಿಗೆ ಈ ಕೆಲಸದಲ್ಲಿ ಒಂದು ಅನುಕೂಲವಿದೆ. ಅವನಿಗೆ ಕನ್ನಡ ಬರುತ್ತದೆ, ಮರಾಠಿ ಬರುತ್ತದೆ, ಹಿಂದಿಯೂ ನಡೆಯುತ್ತದೆ. ಪರವಾನೆ ಯಾವ ರಾಜ್ಯದ್ದಾದರೂ ಅದು ದೇಶಕ್ಕೆಲ್ಲ ನಡೆಯುತ್ತದೆ. ಸಾಂಗಲಿಯ ಕಚೇರಿಯ ಪರವಾನೆ ಹಿಡಿದು ಹುಬ್ಬಳ್ಳಿಯ ಲಾರಿ ಓಡಿಸಲು ಅಡ್ಡಿಯಿಲ್ಲ.

ನಾನು ಹೇಳಿದ್ದು ಕ್ರಮ ಬದಲಿಸಲು. ಲಘು ವಾಹನದ ಪರವಾನೆಗೆ ಎಮ್ಮೆ ಮಾರಬೇಕಾಗಿಲ್ಲ. ಅದನ್ನು ಈಗಲೇ ತೆಗೆಯಲಿ, ಒಂದು ವರ್ಷದ ಗಡಿಯಾರ ಇಂದಿನಿಂದಲೇ ನಡೆಯಲಿ. ಮಾಲು ಸಹಿತ 7,500 ಕಿಲೋ ಮೀರದ ಸಾಗಾಣಿಕೆಯ ವಾಹನವನ್ನು ಲಘು ವಾಹನದ ಪರವಾನೆಯ ಮೇಲೆಯೇ ನಡೆಸಬಹುದೆಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಾಧೀಶರು 2024ರ ನವೆಂಬರದಲ್ಲಿ ತೀರ್ಪು ಕೊಟ್ಟಿದ್ದಾರೆ. ಇಪ್ಪತ್ತು ತುಂಬಿದ ಮೇಲೆ ಊರಿನ ದಾಳಿಂಬೆ, ದ್ರಾಕ್ಷಿಯನ್ನು ಪೇಟೆಗೆ ಒಯ್ಯುವ ಸಣ್ಣ ಟೆಂಪೋದ ಮೇಲೆ ಒಂದು ಸುಗ್ಗಿ ದುಡಿದು ನೋಡಲಿ. ರಾತ್ರಿ ಎಚ್ಚರಿರಲು ಆಗುತ್ತದೆಯೇ, ಪೇಟೆಯಲ್ಲಿ ತಾಸುಗಟ್ಟಲೆ ಕಾಯುವ ತಾಳ್ಮೆ ಇದೆಯೇ ಎಂಬುದು ಆಗ ತಿಳಿಯುತ್ತದೆ. ಆ ಗಳಿಕೆಯಿಂದ ದೊಡ್ಡ ಲಾರಿಯ ಶಾಲೆಗೆ ಹಣ ಕೂಡಿದರೆ ಇನ್ನೂ ಒಳ್ಳೆಯದು. ಮುಂದಿನ ಹಿಂಗಾರಿ ಬಿತ್ತಿಗೆಗೂ ಅವನು ಮನೆಯಲ್ಲಿರುತ್ತಾನೆ.

ಹುಡುಗನ ಮುಖ ಸಣ್ಣದಾಯಿತು. ಹದಿನಾಲ್ಕು ತಿಂಗಳು ಅವನ ವಯಸ್ಸಿಗೆ ಬಹಳ ದೊಡ್ಡದು. ತಂದೆ ಮಾತ್ರ ಪಾಟಿಯ ಅಂಕಿಗಳನ್ನು ಒಂದು ಚೀಟಿಯ ಮೇಲೆ ಬರೆಸಿಕೊಂಡು ಎದ್ದನು. ಮರುವಾರ ಇಬ್ಬರೂ ಜತ್ತಕ್ಕೆ ಹೋಗಿ ಕಣ್ಣು ತೋರಿಸಿಕೊಂಡು ಬಂದರು. ಬಣ್ಣದ ಭೇದ ತಿಳಿಯುತ್ತದೆ. ದೂರದ ಅಕ್ಷರಕ್ಕೆ ಮಾತ್ರ ಹುಡುಗನಿಗೆ ಚಸ್ಮ ಬೇಕಂತೆ. ಇಷ್ಟು ವರ್ಷ ನನ್ನ ವರ್ಗದಲ್ಲಿ ಹಿಂದಿನ ಸಾಲಿನಲ್ಲಿ ಕುಳಿತು ಫಲಕ ಕಾಣದೆಯೇ ಬರೆದುಕೊಂಡಿದ್ದನೋ ಏನೋ, ನನಗೂ ತಿಳಿದಿರಲಿಲ್ಲ. ಚಸ್ಮ ಬಂದ ಮೇಲೆ ಲಘು ವಾಹನದ ಅರ್ಜಿ ಹಾಕುವವನಿದ್ದಾನೆ. ಎಮ್ಮೆ ಸದ್ಯ ಕೊಟ್ಟಿಗೆಯಲ್ಲೇ ಇದೆ.