ಹಿಂದಿನ ಚಕ್ರದ ಸಾಕ್ಷಿ

"ಹೇಗಾಯ್ತಮ್ಮಾ?" ಎಂದು ಕೇಳಿದರು ಕ್ಯಾಶುವಾಲಿಟಿಯ ಡಾಕ್ಟರು.

"ಸೈಕಲ್‌ನಿಂದ ಬಿದ್ದೆ" ಎಂದೆ.

ಅವರು ಅದನ್ನೇ ಬರೆದುಕೊಂಡರು. ಸೈಕಲ್‌ನಿಂದ ತಾನಾಗಿ ಬಿದ್ದದ್ದು, ಬಲಗೈ ಮಣಿಕಟ್ಟು ಮುರಿತ. ನಾನು ಹೇಳಿದ್ದು ಸುಳ್ಳಲ್ಲ, ಬಿದ್ದದ್ದು ನಿಜ. ಆದರೆ ಬೀಳಿಸಿದ ಕಾರು ಆ ಸಾಲಿನಲ್ಲಿ ಇರಲಿಲ್ಲ. ಆ ಒಂದು ಸಾಲನ್ನು ಅಳಿಸಲು ಮುಂದೆ ನನಗೆ ಹೆಚ್ಚುಕಡಿಮೆ ಎರಡು ವರ್ಷ ಹಿಡಿಯಿತು.

2023ರ ಸೆಪ್ಟೆಂಬರ್. ಬೆಳಿಗ್ಗೆ ಆರೂಕಾಲು. ಯಲಹಂಕ ಉಪನಗರದ ಮನೆಯಿಂದ ಹೊರಟು, ಅಲ್ಲಾಳಸಂದ್ರ ದಾಟಿ, ಬಳ್ಳಾರಿ ರಸ್ತೆಯ ಸರ್ವಿಸ್ ರೋಡಿನಲ್ಲಿ ಜಿಕೆವಿಕೆ ಕಡೆಗೆ ಹೋಗುತ್ತಿದ್ದೆ. ವಾರಕ್ಕೆ ನಾಲ್ಕು ದಿನ ತುಳಿಯುವ ದಾರಿ. ಹಾಲಿನ ಬೂತಿನ ಮುಂದೆ ಕ್ರೇಟುಗಳನ್ನು ಇಳಿಸುತ್ತಿದ್ದರು. ಅವುಗಳನ್ನು ತಪ್ಪಿಸಲು ಒಂದಡಿ ಬಲಕ್ಕೆ ಬಂದೆ, ಅಷ್ಟೇ. ಹಿಂದಿನಿಂದ ಡಿಕ್ಕಿ. ಎದ್ದು ಕೂತಾಗ ಬಲಗೈ ನನ್ನ ಮಾತು ಕೇಳುತ್ತಿರಲಿಲ್ಲ.

ಕಾರಿನಿಂದ ಇಳಿದವನು ಇಪ್ಪತ್ತೈದರ ಹುಡುಗ. "ಸಾರಿ ಆಂಟಿ, ನೋಡ್ಲೇ ಇಲ್ಲ" ಎಂದು ನಡುಗುತ್ತಿದ್ದ. ಓಡಿಹೋಗಲಿಲ್ಲ. ತನ್ನ ಕಾರಿನಲ್ಲೇ ಆಸ್ಪತ್ರೆಗೆ ಕರೆದೊಯ್ದ, ಹತ್ತು ಸಾವಿರ ಅಡ್ವಾನ್ಸ್ ಕಟ್ಟಿದ. ಡಾಕ್ಟರು ಕೇಳಿದಾಗ ಪಕ್ಕದಲ್ಲೇ ನಿಂತಿದ್ದ. ಅವನ ಮುಖ ನೋಡಿ, ಪಾಪ, ಪೊಲೀಸು ಕೋರ್ಟು ಅಂತ ಇವನನ್ನು ಯಾಕೆ ಅಲೆಸುವುದು ಎನಿಸಿತು. ಬಾಯಿಂದ ಬಂದದ್ದು ಅರ್ಧ ಮಾತು.

ತೆರಿಗೆ ರಿಟರ್ನ್ಸ್ ಬರೆದುಕೊಟ್ಟು ಜೀವನ ಮಾಡುವವಳು ನಾನು. ಊರಿಗೆಲ್ಲ ವಿಮೆಯ ಬಗ್ಗೆ ಹೇಳುತ್ತೇನೆ. ಆದರೆ ಅಂದು ನನಗೆ ಹೊಳೆಯದೇ ಹೋದ ವಿಷಯ ಒಂದಿದೆ. ನನಗೆ ಬರಬೇಕಾದ ಪರಿಹಾರ ಆ ಹುಡುಗನ ಜೇಬಿನಿಂದ ಬರುವಂಥದ್ದಲ್ಲ. ಮೋಟಾರು ವಾಹನ ಕಾಯ್ದೆಯ 146ನೇ ಕಲಮಿನ ಪ್ರಕಾರ ಪ್ರತಿ ವಾಹನಕ್ಕೂ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಆ ಥರ್ಡ್ ಪಾರ್ಟಿ ಎಂದರೆ ನನ್ನಂಥವರೇ: ಸೈಕಲ್ ತುಳಿಯುವವರು, ನಡೆದು ಹೋಗುವವರು. ಸಾವು ಅಥವಾ ಗಾಯವಾದರೆ ಈ ವಿಮೆಗೆ ಇಂತಿಷ್ಟೇ ಎಂಬ ಮಿತಿ ಇಲ್ಲ. ಆ ಹುಡುಗ ವರ್ಷ ವರ್ಷ ಪ್ರೀಮಿಯಂ ಕಟ್ಟುತ್ತಿದ್ದದ್ದು ಇಂಥ ಬೆಳಿಗ್ಗೆಗಾಗಿಯೇ. ನಾನು ದೂರು ಕೊಟ್ಟರೆ ಅವನ ಮೇಲೆ ಹಗೆ ತೀರಿಸಿದಂತಲ್ಲ. ಕೊಡದೆ ಹೋದರೆ ಅದರಿಂದ ಉಳಿಯುವುದು ವಿಮಾ ಕಂಪನಿಯ ಹಣ. ಅವನಿಗೆ ತಪ್ಪುವುದು ಒಂದು ಕೇಸು, ಅಷ್ಟೇ. ಕೊನೆಗೆ ಅವನು ತಪ್ಪೊಪ್ಪಿಕೊಂಡು ಕೋರ್ಟಿನಲ್ಲಿ ದಂಡ ಕಟ್ಟಿದ. ಅಲ್ಲಿಗೆ ಅವನ ಪಾಲಿನದು ಮುಗಿಯಿತು.

ಮಣಿಕಟ್ಟಿಗೆ ಪ್ಲೇಟು, ಸ್ಕ್ರೂ ಹಾಕಿದರು. ಬಿಲ್ಲು 1,86,000 ರೂಪಾಯಿ. ನನ್ನ ಆರೋಗ್ಯ ವಿಮೆ 1,40,000 ಕೊಟ್ಟಿತು. ಮಿಕ್ಕ 46,000 ಕೈಯಿಂದ. ಇಷ್ಟಕ್ಕೇ ಮುಗಿಯಿತು ಎಂದುಕೊಂಡಿದ್ದೆ. ನಾಲ್ಕನೇ ದಿನ ನೋಡಲು ಬಂದ ಗೆಳತಿ ವಕೀಲೆ. ಡಿಸ್ಚಾರ್ಜ್ ಸಮ್ಮರಿ ಓದಿದವಳೇ "ಇದೇನೇ, ನೀನೇ ಬಿದ್ದೆ ಅಂತ ಬರೆಸಿದೀಯಾ?" ಎಂದಳು. ಎಡಗೈಯಲ್ಲಿ ಸಹಿ ಹಾಕಿ ಅಂದೇ ಸಂಚಾರ ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟೆ. ನಾಲ್ಕು ದಿನ ಯಾಕೆ ತಡ ಎಂದು ಕೇಳಿದರು. ಶಸ್ತ್ರಚಿಕಿತ್ಸೆಯಾಗಿ ಮಲಗಿದ್ದೆ ಎಂದು ದೂರಿನಲ್ಲೇ ಬರೆಸಿದೆ. ತಡವಾದದ್ದಕ್ಕೆ ಕಾರಣವನ್ನು ದೂರಿನೊಳಗೇ ಬರೆಸುವುದು ಎಷ್ಟು ಮುಖ್ಯ ಎಂದು ಆಮೇಲೆ ಗೊತ್ತಾಯಿತು. ಎಫ್‌ಐಆರ್ ಆಯಿತು. ಆಗ ಐಪಿಸಿ 279, 338. 2024ರ ಜುಲೈ 1ರಿಂದ ಈಚೆಗೆ ಭಾರತೀಯ ನ್ಯಾಯ ಸಂಹಿತೆಯ 281 ಮತ್ತು 125. ಹುಡುಗ ಕಟ್ಟಿದ್ದ ಹತ್ತು ಸಾವಿರವನ್ನು ಅವನ ಖಾತೆಗೇ ವಾಪಸ್ ಹಾಕಿದೆ.

ಅಪಘಾತ ಮಾಡಿದ ಗಾಡಿಗೆ ವಿಮೆ ಚಾಲ್ತಿಯಲ್ಲಿದೆಯೇ ಎಂದು ತಿಳಿಯಲು ಯಾರನ್ನೂ ಕಾಡಬೇಕಿಲ್ಲ. ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿದರೆ ಗೊತ್ತಾಗುತ್ತದೆ. ಪೊಲೀಸರ ಮೇಲೂ ಒಂದು ಕರ್ತವ್ಯವಿದೆ. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮಗಳ ಪ್ರಕಾರ 48 ಗಂಟೆಯೊಳಗೆ ಮೊದಲ ಅಪಘಾತ ವರದಿ, 90 ದಿನದೊಳಗೆ ವಿವರವಾದ ವರದಿ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗಬೇಕು. ಅದೇ ದಿನದಿಂದ ಜಾರಿಗೆ ಬಂದ, ಮೋಟಾರು ವಾಹನ ಕಾಯ್ದೆಯ 166(3)ನೇ ಉಪಕಲಮು, ಪರಿಹಾರದ ಅರ್ಜಿಯನ್ನು ಅಪಘಾತವಾದ ಆರು ತಿಂಗಳೊಳಗೆ ಹಾಕಬೇಕು ಎನ್ನುತ್ತದೆ. 1994ರಿಂದ ಅಲ್ಲಿಯವರೆಗೆ ಇಂಥ ಗಡುವು ಇರಲಿಲ್ಲ. ಇದನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿನ ಮುಂದಿವೆ. ಆದರೆ ಆ ತೀರ್ಪನ್ನು ನಂಬಿಕೊಂಡು ಕಾಯುವುದು ಬೇಡ, ಆರು ತಿಂಗಳು ಎಂದೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ನನ್ನ ಅರ್ಜಿ ಐದನೇ ತಿಂಗಳಿಗೆ ಬಿತ್ತು. ಬೆಂಗಳೂರಿನಲ್ಲಿ ಈ ನ್ಯಾಯಮಂಡಳಿಯ ಕೆಲಸ ನೋಡುವುದು ಲಘು ವ್ಯವಹಾರಗಳ ನ್ಯಾಯಾಲಯ. ಎಂವಿಸಿ ಎಂದು ಶುರುವಾಗುವ ಒಂದು ನಂಬರ್ ಕೊಡುತ್ತಾರೆ. ವಿಮಾ ಕಂಪನಿಯ ತಕರಾರು ನಿರೀಕ್ಷಿಸಿದ್ದೇ ಆಗಿತ್ತು. ಈಕೆ ತಾನಾಗಿ ಬಿದ್ದವರು, ಆಸ್ಪತ್ರೆಯ ದಾಖಲೆಯೇ ಹೇಳುತ್ತದೆ, ಪರಿಹಾರಕ್ಕಾಗಿ ನಾಲ್ಕು ದಿನ ಬಿಟ್ಟು ಕಾರನ್ನು ಸೇರಿಸಿದ್ದಾರೆ ಎಂದರು.

ಇಲ್ಲಿ ನನ್ನನ್ನು ಕಾಪಾಡಿದ್ದು ಯಲಹಂಕ ಹಳೇ ಊರಿನ ಸೈಕಲ್ ಷಾಪಿನವರು. ನಮ್ಮ ಮನೆಯವರು ಮರುದಿನವೇ ಸೈಕಲ್ಲನ್ನು ರಿಪೇರಿಗೆ ಬಿಟ್ಟು ಬಂದಿದ್ದರು. ಅದು ಮಾಡಬಾರದ ಕೆಲಸ. ಪೊಲೀಸರು ಮಹಜರು ಮಾಡಿ, ಫೋಟೊ ತೆಗೆಯುವವರೆಗೆ ಸೈಕಲ್ ಇದ್ದಂತೆಯೇ ಇರಬೇಕು. ಪುಣ್ಯಕ್ಕೆ ಷಾಪಿನವರು ಕೈ ಹಚ್ಚಿರಲಿಲ್ಲ. ನಾನು ಹೋದಾಗ ಹಿಂದಿನ ಚಕ್ರವನ್ನು ಎತ್ತಿ ತಿರುಗಿಸಿ ತೋರಿಸಿದರು. ರಿಮ್ಮು ಎಂಟರ ಅಂಕಿಯ ಹಾಗೆ ತಿರುಚಿತ್ತು, ಮಡ್‌ಗಾರ್ಡ್ ಟೈರಿಗೆ ಒತ್ತಿಕೊಂಡಿತ್ತು, ಅದರ ಅಂಚಿನಲ್ಲಿ ಬಿಳಿ ಬಣ್ಣದ ಸಣ್ಣ ಗೀರು. ನನ್ನ ಸೈಕಲ್ ಕಪ್ಪು. ಮುಂದಿನ ಚಕ್ರಕ್ಕೆ ಏನೂ ಆಗಿರಲಿಲ್ಲ.

"ಅಕ್ಕಾ, ಇದು ಬಿದ್ದು ಆಗಿರೋದಲ್ಲ. ಬಿದ್ರೆ ಹ್ಯಾಂಡಲ್ ತಿರುಗುತ್ತೆ, ಪೆಡಲ್ ಸೊಟ್ಟಗಾಗುತ್ತೆ. ಹಿಂದಿನ ರಿಮ್ಮು ಹಿಂಗಾಗ್ಬೇಕಾದ್ರೆ ಯಾರೋ ಹಿಂದಿನಿಂದ ಕೊಟ್ಟಿರ್ಬೇಕು."

ಆ ಚಕ್ರದ ಫೋಟೊ, ಕಾರಿನ ಬಂಪರಿನಲ್ಲಿ ಗೀರು ಇದೆ ಎಂದ ಮೋಟಾರು ವಾಹನ ನಿರೀಕ್ಷಕರ ವರದಿ, ಹಾಲಿನ ಬೂತಿನವರ ಸಾಕ್ಷಿ, ಈ ಮೂರೂ ಸೇರಿ ಆಸ್ಪತ್ರೆಯ ಆ ಸಾಲನ್ನು ಮೀರಿ ನಿಂತವು. ಬೂತಿನವರು ಒಂದು ಬೆಳಗಿನ ವ್ಯಾಪಾರ ಬಿಟ್ಟು ಕೋರ್ಟಿಗೆ ಬಂದಿದ್ದರು. ಅದನ್ನು ನಾನು ಮರೆಯಲಾರೆ.

ಈಗ ಲೆಕ್ಕಕ್ಕೆ ಬರುತ್ತೇನೆ. ಪರಿಹಾರದ ಮೊತ್ತವನ್ನು ನ್ಯಾಯಾಧೀಶರು ಮನಸ್ಸಿಗೆ ತೋಚಿದಂತೆ ಬರೆಯುವುದಿಲ್ಲ. 2009ರ ಸರಳಾ ವರ್ಮಾ ತೀರ್ಪು ವಯಸ್ಸಿಗೆ ತಕ್ಕ ಗುಣಕವನ್ನು ಗೊತ್ತು ಮಾಡಿತು, 2017ರ ಪ್ರಣಯ್ ಸೇಠಿ ತೀರ್ಪಿನಲ್ಲಿ ಸಂವಿಧಾನ ಪೀಠ ಅದನ್ನೇ ಒಪ್ಪಿತು. ಹದಿನೈದರಿಂದ ಇಪ್ಪತ್ತೈದಕ್ಕೆ 18, ನಲವತ್ತಾರರಿಂದ ಐವತ್ತಕ್ಕೆ 13, ಅರವತ್ತೈದು ದಾಟಿದರೆ 5. ನನಗೆ ಆಗ ನಲವತ್ತೇಳು, ಅಂದರೆ 13. ರಿಟರ್ನ್ಸ್ ಪ್ರಕಾರ ವರಮಾನ ವರ್ಷಕ್ಕೆ 3,60,000. ಬಲಗೈಗೆ ಶೇ 24ರಷ್ಟು ಊನ ಎಂದು ಮೂಳೆ ತಜ್ಞರು ಹೇಳಿದರು, ನ್ಯಾಯಮಂಡಳಿ ಇಡೀ ದೇಹಕ್ಕೆ ಅದರ ಮೂರನೇ ಒಂದು ಭಾಗ, ಶೇ 8 ಎಂದು ತೆಗೆದುಕೊಂಡಿತು. ಗುಣಿಸಿದರೆ 3,74,400. ಇದರ ಮೇಲೆ ಕೆಲಸ ನಿಂತ ಮೂರು ತಿಂಗಳಿಗೆ 90,000, ನೋವಿಗೆ 40,000, ಜೀವನದ ಸೌಖ್ಯ ಕಳೆದುಕೊಂಡದ್ದಕ್ಕೆ 30,000, ಓಡಾಟ, ಆರೈಕೆ, ಆಹಾರಕ್ಕೆ 25,000, ಕೈಯಿಂದ ಹೋದ ಬಿಲ್ಲು 46,000. ಒಟ್ಟು 6,05,400, ಅರ್ಜಿ ಹಾಕಿದ ದಿನದಿಂದ ಶೇ 6ರ ಬಡ್ಡಿ. ಒಂದು ಭಾಗವನ್ನು ಬ್ಯಾಂಕಿನಲ್ಲಿ ಠೇವಣಿ ಇಡಬೇಕು ಎಂದೂ ಆದೇಶವಾಯಿತು.

ರಸ್ತೆಯಲ್ಲೇ ರಾಜಿಯಾದವರಿಗೆ ಸಿಗುವುದು ಐದು, ಹತ್ತು ಸಾವಿರ. ಆ ಹೊತ್ತಿಗೆ ಮೂಳೆ ಎಷ್ಟು ಮುರಿದಿದೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ಕೈ ಎಷ್ಟು ಮಡಚುತ್ತದೆ ಎಂದು ತಿಳಿಯಲು ನನಗೆ ಹತ್ತು ತಿಂಗಳು ಬೇಕಾಯಿತು. ಇವತ್ತಿಗೂ ದೋಸೆ ಹಂಚು ಎತ್ತಲು ಎಡಗೈ ಆಸರೆ ಬೇಕು.

ಆರೋಗ್ಯ ವಿಮೆ ಕೊಟ್ಟ 1,40,000 ನನ್ನ ಲೆಕ್ಕದಲ್ಲಿ ಇಲ್ಲ ಎಂಬುದನ್ನು ಗಮನಿಸಿ. ಪ್ರೀಮಿಯಂ ಕಟ್ಟಿದವಳು ನಾನು, ಅದರ ಲಾಭ ಕಾರಿನ ವಿಮಾ ಕಂಪನಿಗೆ ಯಾಕೆ ಹೋಗಬೇಕು ಎಂಬ ಪ್ರಶ್ನೆ ನನ್ನನ್ನು ಈಗಲೂ ಕಾಡುತ್ತದೆ. ಬಾಂಬೆ ಹೈಕೋರ್ಟಿನ ಪೂರ್ಣಪೀಠ 2025ರಲ್ಲಿ, ಆರೋಗ್ಯ ವಿಮೆಯ ಹಣವನ್ನು ಪರಿಹಾರದಿಂದ ಕಳೆಯಕೂಡದು ಎಂದಿತು. ನಮ್ಮ ಹೈಕೋರ್ಟಿನಲ್ಲಿ ಕಳೆಯಬೇಕೆಂಬ ತೀರ್ಪು ಇದೆ. ನನಗೆ ಬಾಂಬೆಯ ಮಾತೇ ನ್ಯಾಯ ಎನಿಸುತ್ತದೆ. ಏನೇ ಆಗಲಿ, ಅಸಲು ಬಿಲ್ಲುಗಳನ್ನು ಆರೋಗ್ಯ ವಿಮೆಯವರಿಗೆ ಕೊಡುವ ಮುಂಚೆ ಆಸ್ಪತ್ರೆಯಿಂದ ದೃಢೀಕೃತ ಪ್ರತಿಗಳನ್ನು ತೆಗೆದಿಟ್ಟುಕೊಳ್ಳಿ.

ಇನ್ನೊಂದು ಮಾತು, ವಕೀಲರ ಫೀಸಿನದು. ಆಸ್ಪತ್ರೆಯ ಕಾರಿಡಾರಿನಲ್ಲೇ ಬಂದು, ಪರಿಹಾರ ಕೊಡಿಸುತ್ತೇವೆ, ಬಂದದ್ದರಲ್ಲಿ ಇಷ್ಟು ಪರ್ಸೆಂಟ್ ನಮಗೆ ಎನ್ನುವವರಿದ್ದಾರೆ. ಪರಿಹಾರದಲ್ಲಿ ಪಾಲು ಕೇಳುವುದನ್ನು ವಕೀಲರ ಪರಿಷತ್ತಿನ ನಿಯಮಗಳೇ ನಿಷೇಧಿಸಿವೆ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 1987ರ ಕಾನೂನು ಸೇವೆಗಳ ಕಾಯ್ದೆಯಡಿ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ತಪ್ಪು ಯಾರದೆಂಬ ಜಗ್ಗಾಟವೇ ಬೇಡ ಎನ್ನುವವರಿಗೆ ಮೋಟಾರು ವಾಹನ ಕಾಯ್ದೆಯ 164ನೇ ಕಲಮಿನಡಿ ತೀವ್ರ ಗಾಯಕ್ಕೆ 2,50,000, ಸಾವಿಗೆ 5,00,000 ನಿಗದಿಯಾಗಿದೆ. ಆದರೆ ಅದನ್ನು ಒಪ್ಪಿ ಪಡೆದರೆ ಹೆಚ್ಚಿನ ಪರಿಹಾರದ ದಾರಿ ಮುಚ್ಚುತ್ತದೆ.

ಸೈಕಲ್ ತುಳಿಯುವವರೆಲ್ಲ ನನ್ನ ಹಾಗೆ ವ್ಯಾಯಾಮಕ್ಕೆ ಹೊರಟವರಲ್ಲ. ನಾನು ಹೊರಡುವ ಹೊತ್ತಿಗೆ ಪೇಪರ್ ಹಾಕುವ ಹುಡುಗರು ಒಂದು ಸುತ್ತು ಮುಗಿಸಿರುತ್ತಾರೆ. ರಾತ್ರಿ ಪಾಳಿ ಮುಗಿಸಿದ ಸೆಕ್ಯೂರಿಟಿಯವರು ಕ್ಯಾರಿಯರ್ ಸಿಕ್ಕಿಸಿಕೊಂಡು ಮನೆಗೆ ತುಳಿಯುತ್ತಿರುತ್ತಾರೆ. ಇವರಿಗೆ ರಿಟರ್ನ್ಸ್ ಇಲ್ಲ, ಸಂಬಳದ ಚೀಟಿಯೂ ಇಲ್ಲ. ಹಾಗಂತ ಪರಿಹಾರ ಇಲ್ಲವೆಂದಲ್ಲ. ಕರ್ನಾಟಕ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರ ವರ್ಷವಾರು ಅಂದಾಜು ಆದಾಯದ ಪಟ್ಟಿ ಮಾಡಿದೆ, ಪುರಾವೆ ಇಲ್ಲದಾಗ ನಮ್ಮ ನ್ಯಾಯಾಲಯಗಳು ಅದನ್ನೇ ಆಧಾರವಾಗಿ ಹಿಡಿಯುತ್ತವೆ.

ಮೊದಲ ಕೆಲವು ಗಂಟೆಗಳ ಖರ್ಚಿಗೂ ಈಗ ದಾರಿಯಿದೆ. 2016ರ ಫೆಬ್ರವರಿಯಲ್ಲಿ ನೆಲಮಂಗಲದ ಬಳಿ ಲಾರಿಗೆ ಸಿಕ್ಕಿದ ಹರೀಶ್ ನಂಜಪ್ಪ ಎಂಬ ಯುವಕ, ಸಾಯುವ ಮುನ್ನ ತನ್ನ ಅಂಗಗಳನ್ನು ದಾನ ಮಾಡಿ ಎಂದು ಕೇಳಿಕೊಂಡದ್ದು ನೆನಪಿರಬಹುದು. ಅವರ ಹೆಸರಿನಲ್ಲೇ ಆ ವರ್ಷ ರಾಜ್ಯ ಸರ್ಕಾರ ಸಾಂತ್ವನ ಹರೀಶ್ ಯೋಜನೆ ತಂದಿತು, ಮೊದಲ 48 ಗಂಟೆಯ ಚಿಕಿತ್ಸೆಗೆ 25,000ದವರೆಗೆ. 2025ರ ಮೇ ತಿಂಗಳಲ್ಲಿ ಕೇಂದ್ರದ ನಗದುರಹಿತ ಚಿಕಿತ್ಸಾ ಯೋಜನೆ ಜಾರಿಯಾಯಿತು. ಅಪಘಾತವಾದ ದಿನದಿಂದ ಏಳು ದಿನ, ಒಬ್ಬರಿಗೆ 1,50,000ದವರೆಗೆ. ಗಾಯಾಳುವಿಗೆ ಸ್ವಂತ ವಿಮೆ ಇದೆಯೋ ಇಲ್ಲವೋ ಎಂಬ ಪ್ರಶ್ನೆಯೇ ಇಲ್ಲ.

ಸ್ವಂತಕ್ಕೊಂದು ಅಪಘಾತ ವಿಮೆ ಇರಲಿ ಎಂದು ನಾನು ಸೈಕಲ್ ತುಳಿಯುವ ಎಲ್ಲರಿಗೂ ಹೇಳುತ್ತಿದ್ದೇನೆ. ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಒಳ್ಳೆಯದೇ, ಆದರೆ ಅದು ಸಾವಿಗೆ ಮತ್ತು ಶಾಶ್ವತ ಅಂಗವೈಕಲ್ಯಕ್ಕೆ ಮಾತ್ರ. ಕೈ ಮುರಿದು ಮೂರು ತಿಂಗಳು ಕೂತರೆ ಅದರಿಂದ ಒಂದು ಪೈಸೆ ಬಾರದು. ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ಮಾರುವ ಸರಳ ಸುರಕ್ಷಾ ಬಿಮಾ ಪಾಲಿಸಿಗೆ, ತಾತ್ಕಾಲಿಕ ಅಸಾಮರ್ಥ್ಯದ ಐಚ್ಛಿಕ ರಕ್ಷಣೆಯನ್ನೂ ಸೇರಿಸಿಕೊಳ್ಳಿ. ವಾರಕ್ಕೆ ವಿಮಾ ಮೊತ್ತದ ಶೇ 0.2 ಸಿಗುತ್ತದೆ, ಹತ್ತು ಲಕ್ಷದ ಪಾಲಿಸಿಗೆ ಎರಡು ಸಾವಿರ. ದಿನಗೂಲಿಯ ಮನೆಯಲ್ಲಿ ಅದು ಅಕ್ಕಿ, ಬೇಳೆ, ಹಾಲು.

ಕಳೆದ ತಿಂಗಳು ನಮ್ಮ ಬೀದಿಗೆ ಪೇಪರ್ ಹಾಕುವ ಹುಡುಗ ತನ್ನ ಅಪ್ಪನನ್ನು ಕರೆತಂದ. ಯಶವಂತಪುರದ ಎಪಿಎಂಸಿ ಯಾರ್ಡ್‌ನಲ್ಲಿ ಹಮಾಲಿ ಕೆಲಸ. ಬೆಳಗಿನ ಜಾವ ಸೈಕಲ್‌ನಲ್ಲಿ ಹೋಗುವಾಗ ಯಾವುದೋ ಗೂಡ್ಸ್ ಗಾಡಿ ಹೊಡೆದು ನಿಲ್ಲದೆ ಹೋಗಿದೆ. ಕಾಲಿನ ಮೂಳೆ ಮುರಿದಿದೆ.

"ಗಾಡಿ ನಂಬರ್ರೇ ಇಲ್ಲ ಮೇಡಂ, ಯಾರ್ ಕೊಡ್ತಾರೆ?" ಎಂದರು.

ನಂಬರ್ ಇಲ್ಲದಿದ್ದರೂ ಕಾನೂನಿನಲ್ಲಿ ಜಾಗವಿದೆ. ಗುದ್ದಿ ಪರಾರಿಯಾದ ಪ್ರಕರಣಗಳಲ್ಲಿ 2022ರ ಏಪ್ರಿಲ್‌ನಿಂದ ತೀವ್ರ ಗಾಯಕ್ಕೆ 50,000, ಸಾವಿಗೆ 2,00,000. ಅದಕ್ಕೂ ಮೊದಲು ಇದ್ದದ್ದು 12,500 ಮತ್ತು 25,000. ಕೋರ್ಟಿಗೆ ಹೋಗಬೇಕಿಲ್ಲ, ಕಂದಾಯ ಇಲಾಖೆಯ ವಿಚಾರಣಾಧಿಕಾರಿಗೆ ಅರ್ಜಿ ಕೊಡಬೇಕು, ಮಂಜೂರು ಮಾಡುವುದು ಜಿಲ್ಲಾಧಿಕಾರಿ. ಎಫ್‌ಐಆರ್, ಆಸ್ಪತ್ರೆಯ ದಾಖಲೆ, ಗುರುತಿನ ಚೀಟಿ, ಬ್ಯಾಂಕ್ ಪಾಸ್‌ಬುಕ್ ಎಲ್ಲವನ್ನೂ ಮೇಜಿನ ಮೇಲೆ ಹರಡಿಕೊಂಡು ಅರ್ಜಿ ತುಂಬಲು ಕೂತೆವು.

ಅಪ್ಪ ಅಂಗಡಿಯ ಪ್ಲಾಸ್ಟಿಕ್ ಕವರಿನಿಂದ ಡಿಸ್ಚಾರ್ಜ್ ಸಮ್ಮರಿ ತೆಗೆದುಕೊಟ್ಟರು. ನಾನು ಮೊದಲು ನೋಡಿದ್ದು ಆ ಒಂದು ಸಾಲನ್ನೇ. ಸೈಕಲ್‌ನಲ್ಲಿ ಹೋಗುತ್ತಿದ್ದಾಗ ಅಪರಿಚಿತ ವಾಹನ ಹಿಂದಿನಿಂದ ಡಿಕ್ಕಿ, ಬೆಳಿಗ್ಗೆ 4.40, ಎಂದು ಬರೆದಿತ್ತು.

"ಯಾರು ಹೇಳಿ ಬರೆಸಿದ್ದು?" ಎಂದು ಕೇಳಿದೆ.

"ನಾನೇ ಮೇಡಂ" ಎಂದ ಹುಡುಗ. "ನಿಮ್ಮ ಕೈಗೆ ಪಟ್ಟಿ ಕಟ್ಟಿದ್ದಾಗ ಹೇಳಿದ್ರಲ್ಲ."

ಅರ್ಜಿಯ ಮೊದಲ ಹಾಳೆಯನ್ನು ಅವನ ಕೈಯಲ್ಲೇ ಬರೆಸಿದೆ.