ಟಿ.ವಿ. ಲೆಕ್ಕ

ಅಕ್ಕಂದಿರೇ, ಇವತ್ತು ನಾವು ಒಂದು ಲೆಕ್ಕ ಮಾಡೋಣ.

ನಮ್ಮ ಕಲಿಕಾ ಕೇಂದ್ರಕ್ಕೆ ಬರುವ ಒಬ್ಬ ತಾಯಿ ಚಿಕ್ಕಪೇಟೆ ಅಂಗಡಿಯಿಂದ ಸೀರೆ ತಂದು, ಮನೆಯಲ್ಲೇ ಕುಚ್ಚು ಹಾಕುತ್ತಾರೆ. ಅವರ ಮಗನಿಗೆ 4 ವರ್ಷ. ಅಂಗನವಾಡಿಗೆ ಹೋಗುತ್ತಾನೆ.

"ಟಿ.ವಿ. ಹಾಕಿದ್ರೆ ಮಗು ಸುಮ್ನಿರತ್ತೆ. ಸ್ವಲ್ಪ ಹೊತ್ತು ನೋಡ್ತಾನೆ, ಅಷ್ಟೆ" ಅಂದರು. ಅವರ ಕಷ್ಟ ನಿಜ. ಕೈ ನಿಂತರೆ ಕೂಲಿಯೂ ನಿಲ್ಲುತ್ತದೆ.

ಆದರೆ "ಸ್ವಲ್ಪ" ಅಂದರೆ ಎಷ್ಟು? ಗಡಿಯಾರ ನೋಡಿ ಬರೆದೆವು.

ಬೆಳಿಗ್ಗೆ ತಿಂಡಿ ತಿನ್ನುವಾಗ – ಅರ್ಧ ಗಂಟೆ
ಅಂಗನವಾಡಿಯಿಂದ ಬಂದ ಮೇಲೆ – 2 ಗಂಟೆ
ರಾತ್ರಿ ಊಟ ಮಾಡುವಾಗ – 1 ಗಂಟೆ
ಒಟ್ಟು – ಮೂರೂವರೆ ಗಂಟೆ

6 ದಿನಕ್ಕೆ 21 ಗಂಟೆ! ತಾಯಿಯೇ ಬೆರಗಾದರು.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೀಗೆ ಹೇಳಿತು: 2 ವರ್ಷ ತುಂಬದ ಮಗುವಿಗೆ ಟಿ.ವಿ. ಬೇಡ. 2ರಿಂದ 4 ವರ್ಷದ ಮಗುವಿಗೆ ದಿನಕ್ಕೆ 1 ಗಂಟೆ ಮೀರಬಾರದು. ಮೊಬೈಲ್ ನೋಡುವುದೂ ಇದೇ ಲೆಕ್ಕಕ್ಕೆ ಸೇರುತ್ತದೆ. ಮಗು ಓಡಬೇಕು, ಮಾತಾಡಬೇಕು, ಚೆನ್ನಾಗಿ ಮಲಗಬೇಕು. ಆ ಹೊತ್ತನ್ನು ಟಿ.ವಿ. ನುಂಗುತ್ತದೆ.

ಹಾಗಾದರೆ ಟಿ.ವಿ. ಕೆಟ್ಟದ್ದೇ? ಅಲ್ಲ. 1975–76ರಲ್ಲಿ ನಮ್ಮ ಕಲಬುರಗಿ, ರಾಯಚೂರು, ವಿಜಯಪುರ ಕಡೆಯ ಹಳ್ಳಿ ಮಕ್ಕಳು ಶಾಲೆಯಲ್ಲಿ ಟಿ.ವಿ. ನೋಡಿ ಕಲಿತರು. ಬೆಳಿಗ್ಗೆ ಸುಮಾರು 22 ನಿಮಿಷ ಮಾತ್ರ. ಮಿತಿ ಇದ್ದರೆ ಹಿತ.

ಆ ತಾಯಿ ಈಗ ಊಟ, ತಿಂಡಿ ಹೊತ್ತಿಗೆ ಟಿ.ವಿ. ಹಾಕುವುದಿಲ್ಲ. ಸಂಜೆ 1 ಗಂಟೆ ಮಾತ್ರ. ಮೊದಲೆರಡು ದಿನ ಮಗ ಅತ್ತ. ಕೆಲಸವೂ ತಡವಾಯಿತು. ಈಗ ಅಮ್ಮನ ಪಕ್ಕ ಕೂತು ಕುಚ್ಚು ಎಣಿಸುತ್ತಾನೆ. "ಇಪ್ಪತ್ತರ ತನಕ ಬರತ್ತೆ ಅವನಿಗೆ" ಎಂದು ತಾಯಿ ನಗುತ್ತಾರೆ.

ಅಭ್ಯಾಸ
1. ನಿಮ್ಮ ಮಗು ನಿನ್ನೆ ಎಷ್ಟು ಹೊತ್ತು ಟಿ.ವಿ. ನೋಡಿತು? ಬರೆದು ಕೂಡಿಸಿ.
2. ಅದರಲ್ಲಿ ಯಾವ ಹೊತ್ತು ಬಿಡಿಸಬಹುದು?