ಕರಾಟೆ ಬ್ಯಾಗು, ಭಿಕ್ಖುವಿನ ಎಂಟು ವಸ್ತುಗಳು

 

ನಮ್ಮ ಬಳಗದ ಹಲವು ಮನೆಗಳ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಈಗ ಕರಾಟೆ ಕ್ಲಾಸಿಗೆ ಹೋಗುತ್ತಿದ್ದಾರೆ. "ಪಂಚಶೀಲ ತೆಗೆದುಕೊಂಡ ಮನೆಯಲ್ಲಿ ಹೊಡೆಯುವ ವಿದ್ಯೆ ಯಾಕೆ ಮೇಷ್ಟ್ರೇ?" ಎಂದು ಕೆಲವರು ಕೇಳುತ್ತಾರೆ. ಬಾಬಾಸಾಹೇಬರು 'ಬುದ್ಧ ಅಥವಾ ಕಾರ್ಲ್ ಮಾರ್ಕ್ಸ್' ಪ್ರಬಂಧದಲ್ಲಿ ವೈಶಾಲಿಯ ಸೇನಾಪತಿ ಸಿಂಹನ ಜೊತೆ ಬುದ್ಧರು ನಡೆಸಿದ ಸಂವಾದವನ್ನು ಎತ್ತಿಕೊಂಡು, ಬುದ್ಧರು ಹಿಂಸೆಯ ವಿರೋಧಿ, ಆದರೆ ನ್ಯಾಯಕ್ಕೆ ಬೇಕಾದಲ್ಲಿ ಬಲವನ್ನು ಒಪ್ಪಿದರು ಎಂದು ವಿವರಿಸಿದ್ದಾರೆ. 1922ರಲ್ಲಿ ಒಕಿನಾವಾದ ಕರಾಟೆಯನ್ನು ಟೋಕಿಯೊದಲ್ಲಿ ಪರಿಚಯಿಸಿದ ಫುನಾಕೊಶಿ ಗಿಚಿನ್ ಕೂಡ (ಅವರೂ ಶಾಲಾ ಮೇಷ್ಟ್ರು!) ಮೊದಲ ಏಟು ನಮ್ಮದಾಗಬಾರದು ಎಂಬುದನ್ನು ತತ್ವವಾಗಿಟ್ಟರು. ಆ ಚರ್ಚೆ ಅಷ್ಟಕ್ಕೆ ಸಾಕು. ಇವತ್ತು ಮಕ್ಕಳ ಬ್ಯಾಗಿನೊಳಗೆ ನೋಡೋಣ.

ಕರಾಟೆ ಎಂಬ ಪದಕ್ಕೆ ಬರಿಗೈ ಎಂದರ್ಥ. ಬರಿಗೈ ವಿದ್ಯೆಗೆ ಇಷ್ಟು ದೊಡ್ಡ ಬ್ಯಾಗೇ ಎಂದು ಅಪ್ಪಂದಿರು ನಗಬಹುದು. ಎಲ್ಲವನ್ನೂ ಬಿಟ್ಟು ಹೊರಟ ಭಿಕ್ಖುವಿನ ಬಳಿಯೂ ಎಂಟು ವಸ್ತುಗಳಿದ್ದವು: ಮೂರು ಚೀವರ, ಪಿಂಡಪಾತ್ರೆ, ಸೊಂಟಪಟ್ಟಿ, ಕ್ಷೌರದ ಕತ್ತಿ, ಸೂಜಿ, ನೀರು ಸೋಸುವ ಬಟ್ಟೆ. ಇವುಗಳಲ್ಲಿ ಏಳು ಅವನ ದೇಹದ ಅಗತ್ಯಕ್ಕೆ. ಎಂಟನೆಯದು, ಆ ಸೋಸುವ ಬಟ್ಟೆ, ನೀರಿನಲ್ಲಿರುವ ಸಣ್ಣ ಜೀವಗಳು ಸಾಯದಿರಲಿ ಎಂದು. ತನ್ನ ಜೋಳಿಗೆಯಲ್ಲಿ ಇನ್ನೊಬ್ಬರಿಗಾಗಿ ಒಂದು ವಸ್ತು.

ಮಗುವಿನ ಬ್ಯಾಗಿನಲ್ಲಿ ಆ ಜಾಗ ನೇಲ್ ಕಟರಿನದು. ಉಗುರು ಉದ್ದವಿದ್ದರೆ ಗಾಯವಾಗುವುದು ಎದುರಿಗಿರುವ ಮಗುವಿಗೆ. ಬಳೆ, ಉಂಗುರ, ಕಿವಿಯೋಲೆ, ಲೋಹದ ಕ್ಲಿಪ್ಪು ತೆಗೆದಿಡಲು ಒಂದು ಸಣ್ಣ ಡಬ್ಬಿ ಇರಲಿ. ಕ್ಲಿಪ್ಪಿನ ಬದಲು ರಬ್ಬರ್ ಬ್ಯಾಂಡ್, ಮರೆತು ಬಂದವರಿಗೂ ಒಂದು. ಕ್ಲಾಸಿನೊಳಗೆ ಬರಿಗಾಲು, ಆದರೆ ಶೌಚಾಲಯಕ್ಕೆ ಹೋಗಲು ಚಪ್ಪಲಿ ಬೇಕು. ಅದೇ ಪಾದ ಆಮೇಲೆ ಗೆಳತಿಯ ಎದೆಗೆ ಹೋಗುತ್ತದಲ್ಲ! ಬೆವರು ಒರೆಸಲು ಟವೆಲ್, ನೀರಿನ ಬಾಟಲಿ, ಒದ್ದೆ ಡ್ರೆಸ್ಸಿಗೆ ಪ್ರತ್ಯೇಕ ಕವರ್. ಮನೆಗೆ ಬಂದ ಕೂಡಲೇ ಆ ಡ್ರೆಸ್ ಹೊರಗೆ ಬರಬೇಕು. ಒದ್ದೆ ಬಟ್ಟೆ, ಹಂಚಿಕೊಂಡ ಟವೆಲ್, ಮ್ಯಾಟುಗಳಿಂದ ಹುಳುಕಡ್ಡಿ ಒಬ್ಬರಿಂದ ಒಬ್ಬರಿಗೆ ಬೇಗ ಹರಡುತ್ತದೆ. ಹುಟ್ಟದ ಕೆಡುಕು ಹುಟ್ಟದಂತೆ ನೋಡಿಕೊಳ್ಳುವುದು ಸಮ್ಮಾ ವಾಯಾಮದ ಮೊದಲ ಭಾಗ. ನಮ್ಮ ಕನ್ನಡದ 'ವ್ಯಾಯಾಮ'ವೂ ಅದೇ ಪದ.

ಶುಚಿ ಎಂದರೆ ನಮ್ಮ ಹಿರಿಯರಿಗೆ ಮೈ ಉರಿಯುವುದು ಸಹಜ. ಆ ಮಾತು ಹೇಳಿಯೇ ನಮ್ಮನ್ನು ಬಾವಿಯಿಂದ, ಹೋಟೆಲಿನ ಲೋಟದಿಂದ ದೂರ ಇಟ್ಟರು. 1927ರ ಮಾರ್ಚ್ 20ರಂದು ಮಹಾಡದಲ್ಲಿ ಬಾಬಾಸಾಹೇಬರು ಮತ್ತು ನಮ್ಮವರು ಚವದಾರ್ ಕೆರೆಯ ನೀರು ಕುಡಿದ ಮೇಲೆ, ಅದನ್ನು 'ಶುದ್ಧಿ' ಮಾಡಲು ಕುಡಿಯುವ ನೀರಿಗೆ ಸಗಣಿ ಗಂಜಲ ಸುರಿದರು. ಅದು ಮಡಿ. ಮಡಿಯವರು ಬಟ್ಟೆ ಒಗೆಯುವುದು ಯಾರೂ ಮುಟ್ಟದಿರಲಿ ಎಂದು. ನಮ್ಮ ಹುಡುಗಿ ಒಗೆಯುವುದು ಇನ್ನೊಬ್ಬಳು ಮುಟ್ಟುತ್ತಾಳೆ ಎಂದು. ಕ್ಲಾಸಿನ ಕೆಲವು ಪಾಠಗಳಲ್ಲಿ ಮಣಿಕಟ್ಟು ಹಿಡಿಯಬೇಕು, ತೋಳು ತಿರುವಬೇಕು. ಎದುರು ನಿಂತವಳು ಯಾವ ಜಾತಿಯವಳೇ ಆಗಿರಲಿ, ಇಬ್ಬರೂ ಮೊದಲು ಒಬ್ಬರಿಗೊಬ್ಬರು ತಲೆಬಾಗುತ್ತಾರೆ. ನಮ್ಮ ಅಜ್ಜಿಯರು ಇದನ್ನು ನೋಡಬೇಕಿತ್ತು.

ಕನ್ನಡದಲ್ಲಿ 'ಮುಟ್ಟು' ಎಂದರೆ ಸ್ಪರ್ಶವೂ ಹೌದು, ತಿಂಗಳ ಸ್ರಾವವೂ ಹೌದು. ಎರಡಕ್ಕೂ ಮೈಲಿಗೆ ಕಟ್ಟಿದವರು ಒಂದೇ ಜನ. ಬ್ಯಾಗಿನ ಪಕ್ಕದ ಜೇಬಿನಲ್ಲಿ ಯಾವಾಗಲೂ ಎರಡು ಪ್ಯಾಡ್ ಇರಲಿ. ಆ ದಿನಗಳಲ್ಲಿ ಕ್ಲಾಸಿಗೆ ಹೋಗುವುದು ಬಿಡುವುದು ಮಗುವಿನ ಮೈಗೆ ಬಿಟ್ಟದ್ದು, ಮನೆಯವರ ಸಂಕೋಚಕ್ಕಲ್ಲ.

ಹೊಸ ಬ್ಯಾಗು ಕೊಳ್ಳಬೇಕೆಂದೇನಿಲ್ಲ, ಹಳೆಯ ಸ್ಕೂಲ್ ಬ್ಯಾಗ್ ಸಾಕು. ಹಲ್ಲಿನ ಗಾರ್ಡ್ ಒಂದನ್ನು ಮಾತ್ರ ಯಾರದ್ದೋ ಕೇಳಿ ತರಬೇಡಿ, ಅದು ಸ್ವಂತದ್ದೇ ಆಗಬೇಕು.

ಇನ್ನೊಂದು ಮಾತು ತಾಯಂದಿರಿಗೆ. ರಾತ್ರಿ ಊಟವಾದ ಮೇಲೆ ಬ್ಯಾಗನ್ನು ಮಗುವೇ ತುಂಬಲಿ, ನೀವಲ್ಲ. ಗಂಡುಮಕ್ಕಳಂತೂ ಡ್ರೆಸ್ಸನ್ನೂ ತಾವೇ ಒಗೆಯಲಿ. ಭಿಕ್ಖು ತನ್ನ ಪಾತ್ರೆಯನ್ನು ತಾನೇ ತೊಳೆಯುತ್ತಿದ್ದ.

ಜೈಭೀಮ್.